ಫೈರ್‌ಫಾಕ್ಸ್‌ನ ಸ್ವಂತ ಸೆಟ್ಟಿಂಗ್ ಕಡತಗಳನ್ನು ಬೇರೊಂದು ಆಪರೇಟಿಂಗ್ ಸಿಸ್ಟಂನಲ್ಲಿ ಅಳವಡಿಸುವ ವಿಧಾನ

ವಿಂಡೋಸ್‌ನಲ್ಲಿ ವರ್ಷಗಟ್ಟಲೆ ತಿದ್ದಿ ತೀಡಿ ಕೈಗೆ ಒಗ್ಗಿಸಿಕೊಂಡ ಫೈರ್‌ಫಾಕ್ಸನ್ನು ಲಿನಕ್ಸ್‌ಗೋ ಮ್ಯಾಕ್‌ಗೋ ಒಯ್ಯಬೇಕಾಗಿ ಬಂದಾಗ, ಹೆಚ್ಚಿನವರು ಬ್ರೌಸರ್ ತನ್ನ ಸೆಟ್ಟಿಂಗ್, ದತ್ತಾಂಶಗಳನ್ನೆಲ್ಲ ಇಟ್ಟುಕೊಳ್ಳುವ ಇಡೀ ಪ್ರೊಫೈಲ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೊಸ ಯಂತ್ರದಲ್ಲಿ ಸುರಿದುಬಿಡುತ್ತಾರೆ. ಕೆಲವೊಮ್ಮೆ ಇದು ನಡೆದೂ ಬಿಡುತ್ತದೆ. ನಡೆಯದಿದ್ದಾಗ ಮಾತ್ರ, ನೂರಾರು ಕಡತಗಳ ನಡುವೆ ತಪ್ಪು ಎಲ್ಲಿದೆಯೆಂದು ಹುಡುಕುವುದು ಬಹಳ ಕಷ್ಟ. ಆ ಫೋಲ್ಡರಿನಲ್ಲಿ ಎರಡು ಬಗೆಯ ಕಡತಗಳಿರುತ್ತವೆ: ನಾವು ಕೈಯಾರೆ ಬರೆದವು ಮತ್ತು ಬ್ರೌಸರ್ ತಾನಾಗಿ ಬರೆದುಕೊಂಡವು. ಮೊದಲನೆಯ ಬಗೆಯವನ್ನು ಮಾತ್ರ ಒಯ್ದು, ಎರಡನೆಯದನ್ನು ಹೊಸ ಯಂತ್ರದಲ್ಲಿ ಬ್ರೌಸರೇ ಹೊಸದಾಗಿ ಸೃಷ್ಟಿಸಿಕೊಳ್ಳಲು ಬಿಡುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ. ಈ ಲೇಖನ ಆ ಕ್ರಮವನ್ನೇ ವಿವರಿಸುತ್ತದೆ.

ಕ್ರೋಮ್ ಮತ್ತು ಅದರ ಬಳಗದ ಬ್ರೌಸರ್‌ಗಳಲ್ಲಿ ಬಳಕೆದಾರರು ಕೈಯಿಂದ ಬರೆದಿಡುವ ಇಂಥ ಪ್ರೊಫೈಲ್ ಕಡತಗಳಿಗೆ ಅವಕಾಶವಿಲ್ಲ. ಅಲ್ಲಿ ಇಡೀ ಯಂತ್ರಕ್ಕೆ ನಿಯಮ ಹಾಕುವ ನಿರ್ವಾಹಕರ ಪಾಲಿಸಿ ಕಡತಗಳಿಗೆ ಮಾತ್ರ ಜಾಗವಿದೆ. ಆದ್ದರಿಂದ ಇಲ್ಲಿನ ವಿವರಣೆ ಫೈರ್‌ಫಾಕ್ಸ್‌ಗೆ ಸೀಮಿತವಾಗಿದೆ. ಕಡತಗಳ ಮತ್ತು ಸೆಟ್ಟಿಂಗ್‌ಗಳ ಹೆಸರುಗಳನ್ನು ಓದಿನ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು

ಒಯ್ಯಬೇಕಾದವು ಕೆಲವೇ ಕೆಲವು. ಪ್ರೊಫೈಲ್ ಫೋಲ್ಡರಿನಲ್ಲಿರುವ, ನಮ್ಮ ಸೆಟ್ಟಿಂಗ್‌ಗಳನ್ನು ಸಾಲುಸಾಲಾಗಿ ಬರೆದಿಡುವ ‘ಯೂಸರ್.ಜೆಎಸ್’ ಕಡತ ಮತ್ತು ‘ಕ್ರೋಮ್’ ಎಂಬ ಉಪಫೋಲ್ಡರ್ ಇವುಗಳಲ್ಲಿ ಮುಖ್ಯವಾದವು. ಈ ಉಪಫೋಲ್ಡರಿಗೂ ಅದೇ ಹೆಸರಿನ ಬ್ರೌಸರಿಗೂ ಯಾವ ಸಂಬಂಧವೂ ಇಲ್ಲ. ಬ್ರೌಸರಿನ ಹೊರಮೈಯನ್ನು, ಅಂದರೆ ಟ್ಯಾಬು, ಟೂಲ್‌ಬಾರ್, ಮೆನುಗಳ ಚೌಕಟ್ಟನ್ನು, ಕ್ರೋಮ್ ಎಂದು ಕರೆಯುವ ರೂಢಿ ಆ ಬ್ರೌಸರ್ ಹುಟ್ಟುವ ಮೊದಲೇ ಇತ್ತು. ಈ ಉಪಫೋಲ್ಡರಿನಲ್ಲಿ ಬ್ರೌಸರಿನ ಹೊರಮೈಯನ್ನು ಬದಲಿಸುವ ‘ಯೂಸರ್‌ಕ್ರೋಮ್.ಸಿಎಸ್ಎಸ್’ ಮತ್ತು ಜಾಲಪುಟಗಳ ಒಳಮೈಯನ್ನು ಬದಲಿಸುವ ‘ಯೂಸರ್‌ಕಂಟೆಂಟ್.ಸಿಎಸ್ಎಸ್’ ಇರುತ್ತವೆ. ಸಿಎಸ್ಎಸ್ ಎಂದರೆ ಬಣ್ಣ, ಗಾತ್ರ, ಅಂತರಗಳಂಥ ನೋಟದ ನಿಯಮಗಳನ್ನು ಬರೆಯುವ ಭಾಷೆ. ಇಡೀ ಯಂತ್ರಕ್ಕೆ ಅನ್ವಯಿಸುವಂತೆ ನಿಯಮಗಳನ್ನು ಬರೆದಿದ್ದರೆ ‘ಪಾಲಿಸೀಸ್.ಜೇಸನ್’ ಎಂಬ ಮತ್ತೊಂದು ಕಡತವೂ ಇರುತ್ತದೆ. ಅದು ಪ್ರೊಫೈಲ್ ಫೋಲ್ಡರಿನಲ್ಲಿ ಇರುವುದಿಲ್ಲ.

‘ಯೂಸರ್.ಜೆಎಸ್’ ಅನ್ನು ಎಂದೂ ಬರೆದಿಲ್ಲದವರು, ಎಲ್ಲವನ್ನೂ ಫೈರ್‌ಫಾಕ್ಸ್‌ನ ಸೆಟ್ಟಿಂಗ್‌ಗಳ ಪಟ್ಟಿಯಾದ ‘ಅಬೌಟ್:ಕಾನ್ಫಿಗ್’ ಪುಟದಲ್ಲೇ ಬದಲಿಸಿಕೊಂಡವರು, ಚಿಂತಿಸಬೇಕಾಗಿಲ್ಲ. ಆ ಬದಲಾವಣೆಗಳೆಲ್ಲ ‘ಪ್ರೆಫ್ಸ್.ಜೆಎಸ್’ ಎಂಬ ಕಡತದಲ್ಲಿ ದಾಖಲಾಗಿರುತ್ತವೆ ಮತ್ತು ಎರಡೂ ಕಡತಗಳ ವಾಕ್ಯರಚನೆ ಒಂದೇ. ಹಳೆಯ ಯಂತ್ರದಲ್ಲಿ ಫೈರ್‌ಫಾಕ್ಸನ್ನು ಮುಚ್ಚಿ, ‘ಪ್ರೆಫ್ಸ್.ಜೆಎಸ್’ ಕಡತದ ನಕಲೊಂದನ್ನು ತೆರೆದು, ನೀವೇ ಬದಲಿಸಿದ್ದು ನೆನಪಿರುವ ಸಾಲುಗಳನ್ನು ಹೆಕ್ಕಿ ‘ಯೂಸರ್.ಜೆಎಸ್’ ಎಂಬ ಹೊಸ ಕಡತದಲ್ಲಿ ಇಡಿ. ಆ ಕಡತದಲ್ಲಿ ಬ್ರೌಸರ್ ತನಗಾಗಿ ಬರೆದುಕೊಂಡ ಸಮಯಮುದ್ರೆಗಳು, ಎಣಿಕೆಗಳು, ಗುರುತುಸಂಖ್ಯೆಗಳು ರಾಶಿಗಟ್ಟಲೆ ಇರುತ್ತವೆ. ಅರ್ಥವಾಗದ ಸಾಲನ್ನು ಬಿಟ್ಟುಬಿಡುವುದೇ ಒಳ್ಳೆಯದು. ಇಡೀ ‘ಪ್ರೆಫ್ಸ್.ಜೆಎಸ್’ ಕಡತದ ಹೆಸರು ಬದಲಿಸಿ ‘ಯೂಸರ್.ಜೆಎಸ್’ ಮಾಡುವುದಂತೂ ಸಲ್ಲದು. ಹಾಗೆ ಮಾಡಿದರೆ ಪ್ರತಿಬಾರಿ ಬ್ರೌಸರ್ ತೆರೆದಾಗಲೂ ಆ ಹಳೆಯ ಎಣಿಕೆಗಳೇ ಮತ್ತೆ ಮತ್ತೆ ಮೇಲೆ ಬಂದು ಕೂರುತ್ತವೆ.

ಬಿಡಬೇಕಾದವುಗಳ ಕಾರಣವನ್ನೂ ತಿಳಿದಿರಬೇಕು. ‘ಎಕ್ಸ್‌ಟೆನ್ಶನ್ಸ್.ಜೇಸನ್’ ಕಡತದಲ್ಲಿ ಆಡ್-ಆನ್‌ಗಳ ಪೂರ್ಣ ವಿಳಾಸಗಳು ಹಳೆಯ ಡಿಸ್ಕಿನ ದಾರಿಯಲ್ಲೇ ಬರೆದಿರುತ್ತವೆ. ‘ಹ್ಯಾಂಡ್ಲರ್ಸ್.ಜೇಸನ್’ನಲ್ಲಿ ಯಾವ ಬಗೆಯ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕೆಂಬ ಮಾಹಿತಿ ಇರುತ್ತದೆ. ಹೊಸ ಯಂತ್ರದಲ್ಲಿ ಆ ತಂತ್ರಾಂಶವೇ ಇರುವುದಿಲ್ಲ. ಇದರ ಜೊತೆಗೆ, 2019ರಲ್ಲಿ ಬಂದ 67ನೆಯ ಆವೃತ್ತಿಯಿಂದೀಚೆಗೆ, ಹೊಸ ಆವೃತ್ತಿಯ ಫೈರ್‌ಫಾಕ್ಸ್ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲು ಹೊರಟರೆ ಬ್ರೌಸರ್ ತಡೆಯೊಡ್ಡುತ್ತದೆ. ಲಿನಕ್ಸ್ ವಿತರಣೆಗಳಲ್ಲಿ ದೀರ್ಘಾವಧಿ ಬೆಂಬಲದ ಹಳೆಯ ಆವೃತ್ತಿ ಇರುವುದು ಸಾಮಾನ್ಯವಾದ್ದರಿಂದ ಈ ತಡೆ ಎದುರಾಗುವುದು ಅಪರೂಪವೇನಲ್ಲ. ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳಿಗೆ ಸಿಂಕ್ ಸೌಲಭ್ಯವನ್ನೋ ರಫ್ತು ಮಾಡುವ ಸೌಲಭ್ಯವನ್ನೋ ಬಳಸಿಕೊಳ್ಳಿ. ಅವು ಸೆಟ್ಟಿಂಗ್‌ಗಳಲ್ಲ, ದತ್ತಾಂಶ.

ಹೊಸ ಯಂತ್ರದಲ್ಲಿ ಸರಿಯಾದ ಫೋಲ್ಡರನ್ನು ಹುಡುಕುವುದು

ಈ ಕೆಲಸದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನ ಪಾಲು ಇಲ್ಲಿಯೇ ಆಗುತ್ತದೆ. ಕಡತಗಳು ಸರಿಯಾಗಿಯೇ ಇರುತ್ತವೆ, ಕುಳಿತ ಜಾಗ ತಪ್ಪಾಗಿರುತ್ತದೆ.

ಮೊದಲು ಹೊಸ ಯಂತ್ರದಲ್ಲಿ ಫೈರ್‌ಫಾಕ್ಸನ್ನು ಒಮ್ಮೆ ತೆರೆದು ಮುಚ್ಚಿ. ಪ್ರೊಫೈಲ್ ಸೃಷ್ಟಿಯಾಗುವುದು ಮೊದಲ ಬಾರಿ ತೆರೆದಾಗಲೇ. ಪ್ರೊಫೈಲ್‌ಗಳ ವಾಸಸ್ಥಾನ ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ಕಡೆ ಇರುತ್ತದೆ. ವಿಂಡೋಸ್‌ನಲ್ಲಿ ಅದು ಬಳಕೆದಾರರ ‘ಆಪ್‌ಡೇಟಾ’ ಫೋಲ್ಡರಿನ ‘ರೋಮಿಂಗ್’ ಭಾಗದಲ್ಲಿ, ಮೊಜಿಲ್ಲಾ, ಫೈರ್‌ಫಾಕ್ಸ್, ಪ್ರೊಫೈಲ್ಸ್ ಎಂಬ ಕ್ರಮದಲ್ಲಿ ಇದೆ. ಮ್ಯಾಕ್‌ನಲ್ಲಿ ಬಳಕೆದಾರರ ‘ಲೈಬ್ರರಿ’ ಫೋಲ್ಡರಿನ ‘ಅಪ್ಲಿಕೇಶನ್ ಸಪೋರ್ಟ್’ ಒಳಗಿರುವ ಫೈರ್‌ಫಾಕ್ಸ್ ಫೋಲ್ಡರಿನಲ್ಲಿ ಇದೆ. ಲೈಬ್ರರಿ ಫೋಲ್ಡರನ್ನು ಫೈಂಡರ್ ಸಾಮಾನ್ಯವಾಗಿ ಮರೆಮಾಡಿರುವುದರಿಂದ, ಆಪ್ಷನ್ ಕೀಲಿಯನ್ನು ಒತ್ತಿಹಿಡಿದು ‘ಗೋ’ ಮೆನುವನ್ನು ತೆರೆಯಬೇಕಾಗುತ್ತದೆ. ಲಿನಕ್ಸ್‌ನಲ್ಲಿ ಬಹುಕಾಲದಿಂದ ಬಂದಿರುವ ಸ್ಥಳವೆಂದರೆ ಹೋಂ ಫೋಲ್ಡರಿನಲ್ಲಿ ಚುಕ್ಕೆಯಿಂದ ಆರಂಭವಾಗುವ ‘.ಮೊಜಿಲ್ಲಾ’ ಫೋಲ್ಡರ್. ಚುಕ್ಕೆಯಿಂದ ಆರಂಭವಾಗುವ ಹೆಸರುಗಳು ಲಿನಕ್ಸ್‌ನಲ್ಲಿ ಅಡಗಿರುತ್ತವೆ. ಹೆಚ್ಚಿನ ಫೈಲ್ ಮ್ಯಾನೇಜರ್‌ಗಳಲ್ಲಿ ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅವು ಕಾಣುತ್ತವೆ.

ಲಿನಕ್ಸ್‌ನ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ಉಬುಂಟು ತನ್ನ 22.04 ಆವೃತ್ತಿಯಲ್ಲಿ, ಅಂದರೆ 2022ರ ಏಪ್ರಿಲ್‌ನಿಂದ, ಫೈರ್‌ಫಾಕ್ಸನ್ನು ಸ್ನ್ಯಾಪ್ ಎಂಬ, ತಂತ್ರಾಂಶವನ್ನು ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿಡುವ ಪ್ಯಾಕೇಜ್ ರೂಪದಲ್ಲಿ ಮಾತ್ರ ಕೊಡುತ್ತಿದೆ. ಸ್ನ್ಯಾಪ್‌ನಲ್ಲಿ ಪ್ರೊಫೈಲ್ ಇರುವುದು ಹೋಂ ಫೋಲ್ಡರಿನ ‘ಸ್ನ್ಯಾಪ್’, ಅದರೊಳಗಿನ ‘ಫೈರ್‌ಫಾಕ್ಸ್’, ಅದರೊಳಗಿನ ‘ಕಾಮನ್’ ಫೋಲ್ಡರಿನಲ್ಲಿರುವ ‘.ಮೊಜಿಲ್ಲಾ’ದಲ್ಲಿ. ಇಂಥದೇ ಇನ್ನೊಂದು ರೂಪವಾದ ಫ್ಲಾಟ್‌ಪ್ಯಾಕ್ ಬಳಸುವವರಿಗೆ ಅದು ಹೋಂ ಫೋಲ್ಡರಿನ ‘.ವಾರ್’ ಒಳಗಿನ ‘ಆಪ್’ ಫೋಲ್ಡರಿನಲ್ಲಿ, ಫೈರ್‌ಫಾಕ್ಸ್‌ನ ಪ್ಯಾಕೇಜ್ ಹೆಸರಿನಡಿ ಸಿಗುತ್ತದೆ. ಹಿಂದೆ ಬೇರೆ ರೂಪದ ಫೈರ್‌ಫಾಕ್ಸ್ ಇದ್ದು ಈಗ ಸ್ನ್ಯಾಪ್‌ಗೆ ಬಂದಿರುವ ಯಂತ್ರದಲ್ಲಿ ಹಳೆಯ ‘.ಮೊಜಿಲ್ಲಾ’ ಫೋಲ್ಡರ್ ಕೂಡ ಹಾಗೆಯೇ ಉಳಿದಿರಬಹುದು. ನೀವು ಅದರೊಳಗೆ ಕಡತಗಳನ್ನಿಟ್ಟು, ಏನೂ ಬದಲಾಗಲಿಲ್ಲವೆಂದು ತಲೆ ಕೆಡಿಸಿಕೊಳ್ಳುತ್ತೀರಿ.

ಇಷ್ಟೆಲ್ಲ ದಾರಿಗಳನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಇಲ್ಲ ಎಂಬುದು ಸಮಾಧಾನದ ವಿಷಯ. ವಿಳಾಸ ಪಟ್ಟಿಯಲ್ಲಿ ‘ಅಬೌಟ್:ಸಪೋರ್ಟ್’ ಎಂದು ಟೈಪ್ ಮಾಡಿದರೆ ತೆರೆಯುವ ಪುಟದ ಮೊದಲ ಕೋಷ್ಟಕದಲ್ಲಿ ಪ್ರೊಫೈಲ್ ಫೋಲ್ಡರಿನ ಸಾಲೊಂದಿದೆ. ಅದರ ಪಕ್ಕದ ಗುಂಡಿಯನ್ನು ಒತ್ತಿದರೆ ಈ ಕ್ಷಣದಲ್ಲಿ ಬಳಕೆಯಲ್ಲಿರುವ ಪ್ರೊಫೈಲ್ ಫೋಲ್ಡರೇ ತೆರೆದುಕೊಳ್ಳುತ್ತದೆ. ಪ್ರೊಫೈಲ್ಸ್ ಫೋಲ್ಡರನ್ನು ನೇರವಾಗಿ ತೆರೆದು ನೋಡಿದರೆ ಅಲ್ಲಿ ಹಲವು ವೇಳೆ ಎರಡು ಫೋಲ್ಡರ್‌ಗಳು ಕಾಣುತ್ತವೆ: ಒಂದರ ಹೆಸರು ‘ಡೀಫಾಲ್ಟ್’ ಎಂದು ಕೊನೆಗೊಂಡರೆ ಇನ್ನೊಂದರದು ‘ಡೀಫಾಲ್ಟ್-ರಿಲೀಸ್’ ಎಂದು. ಸಾಮಾನ್ಯವಾಗಿ ಎರಡನೆಯದೇ ಬಳಕೆಯಲ್ಲಿರುವುದು, ಆದರೆ ಊಹೆಯನ್ನು ನಂಬದೆ ಬ್ರೌಸರನ್ನೇ ಕೇಳುವುದು ಲೇಸು.

‘ಯೂಸರ್.ಜೆಎಸ್’ ಅನ್ನು ಜರಡಿ ಹಿಡಿಯುವುದು

ಈ ಕಡತ ಕೆಲಸ ಮಾಡುವ ಬಗೆ ಸರಳ. ಫೈರ್‌ಫಾಕ್ಸ್ ಪ್ರತಿಬಾರಿ ತೆರೆಯುವಾಗ ‘ಪ್ರೆಫ್ಸ್.ಜೆಎಸ್’ ಅನ್ನು ಓದಿದ ಮೇಲೆ ‘ಯೂಸರ್.ಜೆಎಸ್’ ಅನ್ನು ಓದುತ್ತದೆ. ಎರಡರಲ್ಲೂ ಒಂದೇ ಸೆಟ್ಟಿಂಗ್ ಇದ್ದರೆ ನಂತರ ಓದಿದ್ದು ಗೆಲ್ಲುತ್ತದೆ. ಗೆದ್ದ ಬೆಲೆ ‘ಪ್ರೆಫ್ಸ್.ಜೆಎಸ್’ಗೆ ಬರೆದು ಉಳಿಯುತ್ತದೆ. ಈ ಕೊನೆಯ ಮಾತು ಮುಖ್ಯವಾದದ್ದು. ‘ಯೂಸರ್.ಜೆಎಸ್’ನಿಂದ ಒಂದು ಸಾಲನ್ನು ಅಳಿಸಿದ ಮಾತ್ರಕ್ಕೆ ಆ ಸೆಟ್ಟಿಂಗ್ ಹಿಂದಿನ ಸ್ಥಿತಿಗೆ ಮರಳುವುದಿಲ್ಲ, ಏಕೆಂದರೆ ಅದರ ನಕಲು ಇನ್ನೊಂದು ಕಡತದಲ್ಲಿ ಬೇರು ಬಿಟ್ಟಿರುತ್ತದೆ; ‘ಅಬೌಟ್:ಕಾನ್ಫಿಗ್’ ಪುಟಕ್ಕೆ ಹೋಗಿ ಅದನ್ನು ಕೈಯಾರೆ ಮರುಹೊಂದಿಸಬೇಕು. ಆದ್ದರಿಂದಲೇ ಕಡತವನ್ನು ಹೊಸ ಯಂತ್ರದಲ್ಲಿ ಇಡುವ ಮೊದಲೇ ಜರಡಿ ಹಿಡಿಯಬೇಕು, ಇಟ್ಟ ಮೇಲಲ್ಲ.

ಮೊದಲು ನೋಡಬೇಕಾದದ್ದು ಡಿಸ್ಕಿನ ದಾರಿಗಳನ್ನು. ಡೌನ್‌ಲೋಡ್ ಫೋಲ್ಡರನ್ನು ಸೂಚಿಸುವ ‘ಬ್ರೌಸರ್.ಡೌನ್‌ಲೋಡ್.ಡಿಐಆರ್’ ಇದಕ್ಕೆ ಒಳ್ಳೆಯ ಉದಾಹರಣೆ. ವಿಂಡೋಸ್‌ನಲ್ಲಿ ಅದರ ಬೆಲೆ ‘ಸಿ’ ಡ್ರೈವ್‌ನಿಂದ ಆರಂಭವಾಗುತ್ತದೆ ಮತ್ತು ಪ್ರತಿ ಹಿಂಬಾಗಿದ ಗೆರೆಯನ್ನು (ಬ್ಯಾಕ್‌ಸ್ಲ್ಯಾಶ್) ಎರಡು ಬಾರಿ ಬರೆದಿರುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಡ್ರೈವ್ ಅಕ್ಷರಗಳೇ ಇಲ್ಲ, ಗೆರೆ ಮುಂದಕ್ಕೆ ಬಾಗಿರುತ್ತದೆ, ಒಮ್ಮೆ ಬರೆದರೆ ಸಾಕು. ಬಳಕೆದಾರರ ಹೆಸರೂ ಬೇರೆಯಾಗಿರಬಹುದೆಂಬುದನ್ನು ಮರೆಯಬಾರದು. ಸಾಧ್ಯವಿದ್ದಲ್ಲಿ ಆ ಸಾಲನ್ನೇ ತೆಗೆದುಹಾಕಿ, ‘ಬ್ರೌಸರ್.ಡೌನ್‌ಲೋಡ್.ಫೋಲ್ಡರ್‌ಲಿಸ್ಟ್’ ಎಂಬುದಕ್ಕೆ 1 ಎಂಬ ಬೆಲೆ ಕೊಟ್ಟರೆ, ಆಯಾ ವ್ಯವಸ್ಥೆಯ ಮಾಮೂಲಿ ಡೌನ್‌ಲೋಡ್ ಫೋಲ್ಡರೇ ಬಳಕೆಗೆ ಬರುತ್ತದೆ. 2 ಎಂದಿದ್ದರೆ ಮಾತ್ರ ನೀವು ಕೊಟ್ಟ ದಾರಿ ಲೆಕ್ಕಕ್ಕೆ ಬರುತ್ತದೆ.

ಅಕ್ಷರಶೈಲಿಗಳು ಎರಡನೆಯ ತೊಡಕು, ಮತ್ತು ಕನ್ನಡ ಓದುವವರಿಗೆ ಇದು ಹೆಚ್ಚು ಕಾಣುವ ತೊಡಕು. ಫೈರ್‌ಫಾಕ್ಸ್ ಒಂದೊಂದು ಲಿಪಿಗೂ ಪ್ರತ್ಯೇಕ ಫಾಂಟ್ ಸೆಟ್ಟಿಂಗ್ ಇಟ್ಟುಕೊಂಡಿದೆ. ಕನ್ನಡದ ಸೆಟ್ಟಿಂಗ್‌ಗಳ ಹೆಸರಿನ ಕೊನೆಯಲ್ಲಿ ‘ಎಕ್ಸ್-ಕೆಎನ್‌ಡಿಎ’ ಎಂದಿರುತ್ತದೆ. ವಿಂಡೋಸ್‌ನಲ್ಲಿ ಅಲ್ಲಿ ‘ನಿರ್ಮಲಾ ಯುಐ’ ಎಂದು ಬರೆದಿದ್ದರೆ, ಆ ಫಾಂಟ್ ಲಿನಕ್ಸ್‌ನಲ್ಲಾಗಲಿ ಮ್ಯಾಕ್‌ನಲ್ಲಾಗಲಿ ಇರುವುದಿಲ್ಲ. ಫೈರ್‌ಫಾಕ್ಸ್ ದೂರು ಹೇಳದೆ ಬೇರೊಂದು ಫಾಂಟನ್ನು ಹಾಕಿಕೊಳ್ಳುತ್ತದೆ, ಅಕ್ಷರಗಳ ಗಾತ್ರವೂ ಸಾಲಿನ ಎತ್ತರವೂ ಬದಲಾಗುತ್ತವೆ, ಕಾರಣ ಮಾತ್ರ ತಿಳಿಯುವುದಿಲ್ಲ. ಲಿನಕ್ಸ್‌ನಲ್ಲಿ ‘ನೋಟೋ ಸ್ಯಾನ್ಸ್ ಕನ್ನಡ’ ಅಥವಾ ‘ಲೋಹಿತ್ ಕನ್ನಡ’, ಮ್ಯಾಕ್‌ನಲ್ಲಿ ‘ಕನ್ನಡ ಎಂಎನ್’ ಅಥವಾ ‘ಕನ್ನಡ ಸಂಗಮ್ ಎಂಎನ್’ ಎಂದು ಆ ಸಾಲುಗಳನ್ನು ತಿದ್ದಿಕೊಳ್ಳಿ. ಲಿನಕ್ಸ್‌ನ ಟರ್ಮಿನಲ್‌ನಲ್ಲಿ ‘ಎಫ್‌ಸಿ-ಲಿಸ್ಟ್’ ಆಜ್ಞೆ ಕೊಟ್ಟರೆ ಯಂತ್ರದಲ್ಲಿರುವ ಫಾಂಟ್‌ಗಳ ನಿಖರವಾದ ಹೆಸರುಗಳು ಸಿಗುತ್ತವೆ.

ಮೂರನೆಯದಾಗಿ, ಒಂದೊಂದು ವ್ಯವಸ್ಥೆಗೆ ಮಾತ್ರ ಸೇರಿದ ಸೆಟ್ಟಿಂಗ್‌ಗಳಿವೆ. ಹೆಸರಿನಲ್ಲಿ ‘ವಿಡ್ಜೆಟ್.ಜಿಟಿಕೆ’ ಎಂದೋ ‘ವಿಎಎಪಿಐ’ ಎಂದೋ ಇದ್ದರೆ ಅದು ಲಿನಕ್ಸ್‌ನದು, ‘ವಿಡ್ಜೆಟ್.ವಿಂಡೋಸ್’ ಎಂದಿದ್ದರೆ ಎಲ್ಲಿಯದೆಂದು ಹೇಳಬೇಕಾಗಿಲ್ಲ. ಇವು ಬೇರೆ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಹಾನಿ ಮಾಡುವುದಿಲ್ಲ, ಸುಮ್ಮನೆ ಬಿದ್ದಿರುತ್ತವೆ. ಆದರೆ ‘ಜಿಎಫ್ಎಕ್ಸ್’ ಎಂದು ಆರಂಭವಾಗುವ ಗ್ರಾಫಿಕ್ಸ್ ಸೆಟ್ಟಿಂಗ್‌ಗಳನ್ನು ಹಾಗೇ ಒಯ್ಯಬೇಡಿ. ಹಳೆಯ ಯಂತ್ರದ ಡ್ರೈವರ್ ತೊಂದರೆಯೊಂದಕ್ಕೆ ಮದ್ದಾಗಿ ಹಾಕಿದ ಸಾಲು ಹೊಸ ಯಂತ್ರದಲ್ಲಿ ಹೊಸ ರೋಗವನ್ನೇ ತರಬಹುದು.

ಇದಕ್ಕೆ ವಿರುದ್ಧವಾದ ಪ್ರಕರಣವೂ ಉಂಟು: ಹಳೆಯ ವ್ಯವಸ್ಥೆಯಲ್ಲಿ ಬರೆಯಬೇಕಾಗಿಯೇ ಇರದಿದ್ದ ಸಾಲು ಹೊಸದರಲ್ಲಿ ಬೇಕಾಗುತ್ತದೆ. ಮೌಸಿನ ನಡುಗುಂಡಿಯನ್ನು ಒತ್ತಿ ಪುಟವನ್ನು ಸರಿಸುವ ಸೌಲಭ್ಯ ವಿಂಡೋಸ್‌ನಲ್ಲಿ ತಾನಾಗಿ ಇರುತ್ತದೆ, ಲಿನಕ್ಸ್‌ನಲ್ಲಿ ಇರುವುದಿಲ್ಲ. ಅಲ್ಲಿ ನಡುಗುಂಡಿಯ ಕೆಲಸ ಆಯ್ದ ಪಠ್ಯವನ್ನು ಅಂಟಿಸುವುದು. ವಿಂಡೋಸ್‌ನ ಅಭ್ಯಾಸ ಬೇಕಿದ್ದರೆ ‘ಜನರಲ್.ಆಟೋಸ್ಕ್ರೋಲ್’ಗೆ ‘ಟ್ರೂ’ ಎಂದೂ ‘ಮಿಡಲ್‌ಮೌಸ್.ಪೇಸ್ಟ್’ಗೆ ‘ಫಾಲ್ಸ್’ ಎಂದೂ ಸಾಲುಗಳನ್ನು ಸೇರಿಸಬೇಕು.

ಈ ಕಡತವನ್ನು ತಿದ್ದಲು ಸರಳ ಪಠ್ಯ ಸಂಪಾದಕವನ್ನೇ ಬಳಸಿ. ಮ್ಯಾಕ್‌ನ ಟೆಕ್ಸ್ಟ್‌ಎಡಿಟ್ ಹೊಸ ದಾಖಲೆಗಳನ್ನು ಮಾಮೂಲಿಯಾಗಿ ಅಲಂಕೃತ ಪಠ್ಯವಾಗಿ ಉಳಿಸುತ್ತದೆ ಮತ್ತು ನೇರ ಉದ್ಧರಣ ಚಿಹ್ನೆಗಳನ್ನು ಬಾಗಿದವುಗಳಾಗಿ ಬದಲಿಸಬಲ್ಲದು. ಬಾಗಿದ ಚಿಹ್ನೆಯಿರುವ ಸಾಲು ಫೈರ್‌ಫಾಕ್ಸ್‌ಗೆ ಅರ್ಥವಾಗುವುದಿಲ್ಲ. ವಿಂಡೋಸ್ ಮತ್ತು ಲಿನಕ್ಸ್‌ಗಳ ಸಾಲುಕೊನೆಯ ಗುರುತುಗಳು ಬೇರೆಬೇರೆಯಾದರೂ ಇಲ್ಲಿ ಅದರಿಂದ ತೊಂದರೆಯಿಲ್ಲ. ಫೈರ್‌ಫಾಕ್ಸ್ ಎರಡನ್ನೂ ಓದುತ್ತದೆ.

ಸಿಎಸ್ಎಸ್ ಕಡತಗಳು ಮತ್ತು ಒಂದು ದೊಡ್ಡಕ್ಷರ

2019ರಲ್ಲಿ ಬಂದ 69ನೆಯ ಆವೃತ್ತಿಯಿಂದ ಫೈರ್‌ಫಾಕ್ಸ್ ಈ ಸಿಎಸ್ಎಸ್ ಕಡತಗಳನ್ನು ಕೇಳದೆ ಓದುವುದನ್ನು ನಿಲ್ಲಿಸಿದೆ. ‘ಟೂಲ್‌ಕಿಟ್.ಲೆಗಸಿಯೂಸರ್‌ಪ್ರೊಫೈಲ್‌ಕಸ್ಟಮೈಸೇಶನ್ಸ್.ಸ್ಟೈಲ್‌ಶೀಟ್ಸ್’ ಎಂಬ ಉದ್ದನೆಯ ಹೆಸರಿನ ಸೆಟ್ಟಿಂಗ್ ‘ಟ್ರೂ’ ಆಗಿದ್ದರೆ ಮಾತ್ರ ಓದುತ್ತದೆ. ಹಳೆಯ ಯಂತ್ರದಲ್ಲಿ ಅದನ್ನು ಎಂದೋ ಒಮ್ಮೆ ಬದಲಿಸಿ ಮರೆತಿರುತ್ತೀರಿ. ಹೊಸ ಪ್ರೊಫೈಲ್‌ನಲ್ಲಿ ಅದು ಮತ್ತೆ ‘ಫಾಲ್ಸ್’ ಆಗಿರುತ್ತದೆ. ಅದನ್ನು ‘ಯೂಸರ್.ಜೆಎಸ್’ನ ಮೊದಲ ಸಾಲಾಗಿಯೇ ಬರೆದಿಟ್ಟರೆ ಮುಂದೆ ನೆನಪಿಡುವ ಗೊಡವೆ ಇರುವುದಿಲ್ಲ.

ಇನ್ನು ಹೆಸರಿನ ವಿಚಾರ. ವಿಂಡೋಸ್‌ನ ಕಡತ ವ್ಯವಸ್ಥೆಯೂ ಮ್ಯಾಕ್‌ನ ಮಾಮೂಲಿ ಕಡತ ವ್ಯವಸ್ಥೆಯೂ ಹೆಸರುಗಳಲ್ಲಿ ಸಣ್ಣಕ್ಷರ ದೊಡ್ಡಕ್ಷರಗಳ ಭೇದವನ್ನು ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ‘ಯೂಸರ್‌ಕ್ರೋಮ್’ ಮತ್ತು ‘ಯೂಸರ್‌ಕಂಟೆಂಟ್’ ಎಂಬ ಎರಡೂ ಹೆಸರುಗಳಲ್ಲಿ ನಡುವಿನ ‘ಸಿ’ ಮಾತ್ರ ದೊಡ್ಡಕ್ಷರ, ಉಳಿದವೆಲ್ಲ ಸಣ್ಣವು. ಫೋಲ್ಡರಿನ ಹೆಸರಾದ ‘ಕ್ರೋಮ್’ ಪೂರ್ತಿ ಸಣ್ಣಕ್ಷರಗಳಲ್ಲಿರಬೇಕು. ಹಳೆಯ ಯಂತ್ರದಲ್ಲಿ ಎಲ್ಲವನ್ನೂ ಸಣ್ಣಕ್ಷರದಲ್ಲಿ ಬರೆದಿಟ್ಟುಕೊಂಡಿದ್ದ ನಾನು, ಲಿನಕ್ಸ್‌ನಲ್ಲಿ ಒಂದು ಸಂಜೆಯಿಡೀ ಸಿಎಸ್ಎಸ್‌ನೊಳಗಿನ ತಪ್ಪನ್ನು ಹುಡುಕುತ್ತ ಕುಳಿತಿದ್ದೆ. ತಪ್ಪು ಕಡತದ ಒಳಗಿರಲಿಲ್ಲ, ಹೆಸರಿನಲ್ಲಿತ್ತು. ಕಡತದೊಳಗೆ ‘ಇಂಪೋರ್ಟ್’ ಬಳಸಿ ಬೇರೆ ಸಿಎಸ್ಎಸ್ ಕಡತಗಳನ್ನೋ ‘ಯುಆರ್‌ಎಲ್’ ಬಳಸಿ ಚಿತ್ರಗಳನ್ನೋ ಸೇರಿಸಿಕೊಂಡಿದ್ದರೆ ಆ ಹೆಸರುಗಳಿಗೂ ಇದೇ ನಿಯಮ. ಲಿನಕ್ಸ್‌ನಿಂದ ವಿಂಡೋಸ್‌ಗೆ ಬರುವವರಿಗೆ ಈ ಕಾಟವಿಲ್ಲ, ಬೇರೊಂದಿದೆ: ನೋಟ್‌ಪ್ಯಾಡ್ ಹೊಸ ಕಡತದ ಕೊನೆಗೆ ‘.ಟಿಎಕ್ಸ್‌ಟಿ’ ಎಂದು ಸೇರಿಸಿಬಿಡಬಹುದು, ವಿಂಡೋಸ್ ಆ ಬಾಲವನ್ನು ಮರೆಮಾಡಿಬಿಡುತ್ತದೆ. ಎಕ್ಸ್‌ಪ್ಲೋರರ್‌ನ ನೋಟ ಮೆನುವಿನಲ್ಲಿ ಕಡತಗಳ ವಿಸ್ತರಣೆ ಕಾಣುವಂತೆ ಮಾಡಿಕೊಂಡು ಪರೀಕ್ಷಿಸಿ.

ನಿಯಮಗಳ ವಿಷಯಕ್ಕೆ ಬಂದರೆ, ಬಣ್ಣ, ಅಂತರ, ಮೆನುವಿನ ಗಾತ್ರ ಮುಂತಾದವು ಸಾಮಾನ್ಯವಾಗಿ ಎಲ್ಲ ಕಡೆಯೂ ನಡೆಯುತ್ತವೆ. ಕೆಡುವುದು ಕಿಟಕಿಯ ಮೇಲ್ಪಟ್ಟಿಗೆ ಸಂಬಂಧಿಸಿದವು. ಮುಚ್ಚುವ, ಕಿರಿದಾಗಿಸುವ ಗುಂಡಿಗಳು ವಿಂಡೋಸ್‌ನಲ್ಲಿ ಬಲಕ್ಕಿವೆ, ಮ್ಯಾಕ್‌ನಲ್ಲಿ ಎಡಕ್ಕಿವೆ, ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಹೇಗೆ ಹೇಳುತ್ತದೋ ಹಾಗೆ. ವಿಂಡೋಸ್‌ನಲ್ಲಿ ಆ ಗುಂಡಿಗಳಿಗೆಂದು ಬಲಗಡೆ ಬಿಟ್ಟ ಜಾಗ ಮ್ಯಾಕ್‌ನಲ್ಲಿ ವ್ಯರ್ಥ ಖಾಲಿಯಾಗಿ ಉಳಿಯುತ್ತದೆ, ಟ್ಯಾಬ್‌ಗಳು ಎಡಗಡೆಯ ಗುಂಡಿಗಳ ಕೆಳಗೆ ನುಗ್ಗುತ್ತವೆ. ಇದಕ್ಕಾಗಿ ಎರಡು ಪ್ರತ್ಯೇಕ ಕಡತಗಳನ್ನು ಸಾಕಬೇಕಾಗಿಲ್ಲ. ‘-ಮೊಜ್-ಪ್ಲಾಟ್‌ಫಾರ್ಮ್’ ಎಂಬ ಮೀಡಿಯಾ ಷರತ್ತನ್ನು ಫೈರ್‌ಫಾಕ್ಸ್ ಒದಗಿಸುತ್ತದೆ. ಅದರ ಬೆಲೆಯಾಗಿ ‘ವಿಂಡೋಸ್’, ‘ಲಿನಕ್ಸ್’ ಅಥವಾ ‘ಮ್ಯಾಕ್‌ಒಎಸ್’ ಎಂದು ಕೊಟ್ಟು, ಆಯಾ ವ್ಯವಸ್ಥೆಗೆ ಮಾತ್ರ ಬೇಕಾದ ನಿಯಮಗಳನ್ನು ಆ ಆವರಣದೊಳಗೆ ಬರೆಯಬಹುದು. ಹಳೆಯ ಕಡತಗಳಲ್ಲಿ ‘-ಮೊಜ್-ಒಎಸ್-ವರ್ಶನ್’ ಎಂಬ ಷರತ್ತು ಕಂಡರೆ ಅದನ್ನು ಬದಲಿಸಿ, ಈಗಿನ ಆವೃತ್ತಿಗಳಲ್ಲಿ ಅದು ಕೆಲಸ ಮಾಡುವುದಿಲ್ಲ.

‘ಪಾಲಿಸೀಸ್.ಜೇಸನ್’

ಮನೆಯ ಒಂದೇ ಯಂತ್ರಕ್ಕೆ ಇದರ ಅಗತ್ಯ ಕಡಿಮೆ, ಹಲವರು ಬಳಸುವ ಯಂತ್ರಕ್ಕೆ ಹೆಚ್ಚು. 2018ರ 60ನೆಯ ಆವೃತ್ತಿಯಿಂದ ಇರುವ ಈ ಕಡತದ ಒಳಗಿನ ಬರಹ ಬಹುಮಟ್ಟಿಗೆ ಎಲ್ಲ ವ್ಯವಸ್ಥೆಗಳಲ್ಲೂ ಒಂದೇ, ಇಡುವ ಜಾಗ ಮಾತ್ರ ಬೇರೆ. ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್ ಸ್ಥಾಪನೆಯಾದ ಫೋಲ್ಡರಿನೊಳಗೆ ‘ಡಿಸ್ಟ್ರಿಬ್ಯೂಶನ್’ ಎಂಬ ಉಪಫೋಲ್ಡರನ್ನು ಮಾಡಿ ಅದರಲ್ಲಿಡಬೇಕು. ಮ್ಯಾಕ್‌ನಲ್ಲಿ ಇದೇ ಉಪಫೋಲ್ಡರ್ ಫೈರ್‌ಫಾಕ್ಸ್ ಆಪ್‌ನ ಒಳಗಿರುವ ‘ಕಂಟೆಂಟ್ಸ್’, ಅದರೊಳಗಿನ ‘ರಿಸೋರ್ಸಸ್’ ಫೋಲ್ಡರಿನಲ್ಲಿರಬೇಕು. ಮುಂದೆಂದಾದರೂ ಆಪ್ ಅನ್ನು ಅಳಿಸಿ ಹೊಸದಾಗಿ ಹಾಕಿಕೊಂಡರೆ ಇದೂ ಅಳಿಸಿಹೋಗುತ್ತದೆ. ಲಿನಕ್ಸ್‌ನಲ್ಲಿ ‘ಇಟಿಸಿ’ ಫೋಲ್ಡರಿನೊಳಗಿನ ‘ಫೈರ್‌ಫಾಕ್ಸ್’, ಅದರೊಳಗಿನ ‘ಪಾಲಿಸೀಸ್’ ಎಂಬ ಜಾಗವೇ ಅಚ್ಚುಕಟ್ಟು. ಇಟ್ಟ ಮೇಲೆ ‘ಅಬೌಟ್:ಪಾಲಿಸೀಸ್’ ಪುಟವನ್ನು ತೆರೆದರೆ ಯಾವ ನಿಯಮಗಳು ಜಾರಿಯಲ್ಲಿವೆ, ಯಾವುದರಲ್ಲಿ ದೋಷವಿದೆ ಎಂದು ತಿಳಿಯುತ್ತದೆ. ವಿಂಡೋಸ್‌ನಲ್ಲಿ ಗ್ರೂಪ್ ಪಾಲಿಸಿ ಎಂಬ ನಿರ್ವಾಹಕರ ಸಲಕರಣೆಯ ಮೂಲಕ ಹಾಕಿದ ನಿಯಮಗಳು ಕಡತದಲ್ಲಿರುವುದಿಲ್ಲ, ವಿಂಡೋಸ್‌ನ ಸೆಟ್ಟಿಂಗ್ ಭಂಡಾರವಾದ ರಿಜಿಸ್ಟ್ರಿಯಲ್ಲಿರುತ್ತವೆ. ಅವನ್ನು ನೋಡಿಕೊಂಡು ಈ ಕಡತಕ್ಕೆ ಕೈಯಿಂದಲೇ ಬರೆಯಬೇಕು.

ಇಡುವ ಕ್ರಮ, ಪರೀಕ್ಷಿಸುವ ಕ್ರಮ

ಪ್ರೊಫೈಲ್ ಫೋಲ್ಡರನ್ನು ತೆರೆದುಕೊಂಡ ಮೇಲೆ ಫೈರ್‌ಫಾಕ್ಸನ್ನು ಪೂರ್ತಿಯಾಗಿ ಮುಚ್ಚಿ. ಮ್ಯಾಕ್‌ನಲ್ಲಿ ಕಿಟಕಿಯನ್ನು ಮುಚ್ಚಿದರೆ ಆಪ್ ಮುಚ್ಚಿದಂತಾಗುವುದಿಲ್ಲ. ಈಗಿರುವ ಪ್ರೊಫೈಲ್‌ನ ಒಂದು ನಕಲನ್ನು ಬೇರೆ ಕಡೆ ತೆಗೆದಿಟ್ಟು, ನಿಮ್ಮ ‘ಯೂಸರ್.ಜೆಎಸ್’ ಮತ್ತು ‘ಕ್ರೋಮ್’ ಫೋಲ್ಡರನ್ನು ಒಳಗಿಡಿ. ಲಿನಕ್ಸ್‌ನಲ್ಲಿ ಈ ನಕಲು ಮಾಡಲು ನಿರ್ವಾಹಕರ ಅಧಿಕಾರ ಕೊಡುವ ‘ಸೂಡೂ’ ಆಜ್ಞೆಯನ್ನು ಬಳಸಬೇಡಿ. ಹಾಗೆ ಇಟ್ಟ ಕಡತಗಳ ಒಡೆತನ ರೂಟ್ ಬಳಕೆದಾರನ ಪಾಲಾಗಿ, ಮುಂದೆ ಅವುಗಳನ್ನು ತಿದ್ದಲು ನಿಮಗೇ ಅನುಮತಿ ಸಿಗುವುದಿಲ್ಲ. ಪಾಲಿಸಿ ಕಡತಕ್ಕೆ ಮಾತ್ರ ನಿರ್ವಾಹಕರ ಅಧಿಕಾರ ಬೇಕಾಗುತ್ತದೆ.

ಎರಡು ಮೂರು ಯಂತ್ರಗಳಲ್ಲಿ ಒಂದೇ ಕಡತವನ್ನು ಇಟ್ಟುಕೊಳ್ಳುವವರು ಅದನ್ನು ಒಂದು ಫೋಲ್ಡರಿನಲ್ಲಿಟ್ಟು, ಪ್ರೊಫೈಲ್‌ನಿಂದ ಅದರತ್ತ ಕೈ ತೋರಿಸುವ ಸಿಂಬಾಲಿಕ್ ಲಿಂಕ್ ಹಾಕುವುದುಂಟು. ಮಾಮೂಲಿ ಪ್ಯಾಕೇಜಿನ ಫೈರ್‌ಫಾಕ್ಸ್‌ನಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಸ್ನ್ಯಾಪ್ ರೂಪದ ಫೈರ್‌ಫಾಕ್ಸ್ ಮಾತ್ರ ಹೋಂ ಫೋಲ್ಡರಿನಲ್ಲಿ ಚುಕ್ಕೆಯಿಂದ ಆರಂಭವಾಗುವ ಫೋಲ್ಡರ್‌ಗಳನ್ನು ಓದಲಾರದು. ಲಿಂಕ್ ಅಂಥ ಕಡೆಗೆ ಕೈ ತೋರಿಸಿದರೆ ಕಡತ ಇದ್ದೂ ಇಲ್ಲದಂತಾಗುತ್ತದೆ. ಅಲ್ಲಿ ನಕಲು ಮಾಡುವುದೇ ನಿಶ್ಚಿಂತೆ.

ನಂತರ ಬ್ರೌಸರನ್ನು ತೆರೆದು ‘ಅಬೌಟ್:ಸಪೋರ್ಟ್’ ಪುಟಕ್ಕೆ ಮರಳಿ. ‘ಯೂಸರ್.ಜೆಎಸ್’ ಸರಿಯಾದ ಜಾಗದಲ್ಲಿದ್ದರೆ ಆ ಪುಟದಲ್ಲಿ ಅದರ ಹೆಸರಿನ ವಿಭಾಗವೊಂದು ಕಾಣಿಸಿಕೊಳ್ಳುತ್ತದೆ. ಕಾಣದಿದ್ದರೆ ಜಾಗವನ್ನೋ ಹೆಸರನ್ನೋ ಮೊದಲು ಸರಿಪಡಿಸಿ, ಒಳಗಿನ ಸಾಲುಗಳ ಗೋಜಿಗೆ ಹೋಗಬೇಡಿ. ವಿಭಾಗ ಕಂಡೂ ಯಾವುದೋ ಒಂದು ಸೆಟ್ಟಿಂಗ್ ಬದಲಾಗದಿದ್ದರೆ ‘ಅಬೌಟ್:ಕಾನ್ಫಿಗ್’ನಲ್ಲಿ ಅದನ್ನು ಹುಡುಕಿ ನೋಡಿ: ಬೆಲೆ ದಪ್ಪಕ್ಷರದಲ್ಲಿದ್ದರೆ ಅದು ಮೂಲ ಬೆಲೆಯಿಂದ ಬದಲಾಗಿದೆ ಎಂದರ್ಥ, ಬೀಗ ಬಿದ್ದಿದ್ದರೆ ಯಾವುದೋ ಪಾಲಿಸಿ ಅದನ್ನು ಹಿಡಿದಿಟ್ಟಿದೆ.

ಸಿಎಸ್ಎಸ್ ಕಡತ ಓದಲ್ಪಡುತ್ತಿದೆಯೇ ಎಂದು ತಿಳಿಯಲು ನಾನು ಬಳಸುವ ಉಪಾಯ ಒರಟಾದದ್ದು, ಆದರೆ ಸಂದೇಹಕ್ಕೆ ಎಡೆಯಿಲ್ಲದ್ದು. ಕಡತದ ಮೇಲ್ತುದಿಯಲ್ಲಿ ‘ನ್ಯಾವ್-ಬಾರ್’ ಎಂಬ ಗುರುತಿನ ಟೂಲ್‌ಬಾರಿಗೆ ಕಡುಗೆಂಪು ಹಿನ್ನೆಲೆ ಕೊಡುವ ಒಂದು ನಿಯಮವನ್ನು ‘ಇಂಪಾರ್ಟೆಂಟ್’ ಎಂಬ ಒತ್ತಿನೊಂದಿಗೆ ಬರೆದು ಬ್ರೌಸರನ್ನು ಮರಳಿ ತೆರೆಯುತ್ತೇನೆ. ಈ ಕಡತಗಳನ್ನು ಫೈರ್‌ಫಾಕ್ಸ್ ಆರಂಭದಲ್ಲಿ ಮಾತ್ರ ಓದುವುದರಿಂದ ಮರಳಿ ತೆರೆಯದೆ ಗತ್ಯಂತರವಿಲ್ಲ. ಪಟ್ಟಿ ಕೆಂಪಾದರೆ ಕಡತ ಸರಿಯಾದ ಜಾಗದಲ್ಲಿದೆ, ಉಳಿದ ತಪ್ಪು ನಿಯಮಗಳಲ್ಲಿದೆ. ಕೆಂಪಾಗದಿದ್ದರೆ ಫೋಲ್ಡರ್, ಹೆಸರಿನ ದೊಡ್ಡಕ್ಷರ, ಆ ಉದ್ದನೆಯ ಸೆಟ್ಟಿಂಗ್ — ಇದೇ ಕ್ರಮದಲ್ಲಿ ನೋಡುತ್ತ ಹೋಗಬೇಕು. ಹೊರಮೈ ಪೂರ್ತಿ ಕೆಟ್ಟು ಮೆನುವೇ ಕಾಣದಂತಾದರೆ, ವಿಂಡೋಸ್‌ನಲ್ಲಿ ಶಿಫ್ಟ್, ಮ್ಯಾಕ್‌ನಲ್ಲಿ ಆಪ್ಷನ್ ಕೀಲಿಯನ್ನು ಒತ್ತಿಹಿಡಿದು ಫೈರ್‌ಫಾಕ್ಸನ್ನು ತೆರೆದಾಗ ಬರುವ ದೋಷನಿವಾರಣಾ ಸ್ಥಿತಿಯಲ್ಲಿ ನಿಮ್ಮ ಸಿಎಸ್ಎಸ್ ಓದದೆಯೇ ಬ್ರೌಸರ್ ತೆರೆಯುತ್ತದೆ. ಲಿನಕ್ಸ್‌ನಲ್ಲಿ ಟರ್ಮಿನಲ್‌ನಿಂದ ‘ಸೇಫ್-ಮೋಡ್’ ಎಂಬ ಆಯ್ಕೆ ಸೇರಿಸಿ ತೆರೆಯಬಹುದು. ಅದೂ ಬೇಡವೆನಿಸಿದರೆ ‘ಕ್ರೋಮ್’ ಫೋಲ್ಡರಿನ ಹೆಸರನ್ನು ತಾತ್ಕಾಲಿಕವಾಗಿ ಬೇರೆ ಮಾಡಿ ಬ್ರೌಸರನ್ನು ಮರಳಿ ತೆರೆದರೂ ಮೂಲ ರೂಪ ಹಿಂದಿರುಗುತ್ತದೆ.